ತಂಡಕ್ಕೆ ತಾರಾ ಆಟಗಾರನನ್ನು ತರುವುದು ಹೇಗೆ: ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಅಕ್ಟೋಬರ್‌ನ ಒಂದು ಭಾನುವಾರ ನಾವು ಹನ್ನೆರಡು ಮಂದಿ ಜಯನಗರದ ದರ್ಶಿನಿಯೊಂದರಲ್ಲಿ ಸೇರಿ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಹನ್ನೆರಡು ತಂಡಗಳನ್ನು ಚೀಟಿ ಎತ್ತಿ ಹಂಚಿಕೊಳ್ಳುತ್ತೇವೆ. ಅಲ್ಲಿಂದ ಜೂನ್‌ವರೆಗೆ ಕಾಗದದ ಮೇಲೆ ಆ ತಂಡದ ಯಜಮಾನಿಕೆ ನಮ್ಮದು. ವೇತನ ಮಿತಿ (ಇಡೀ ತಂಡದ ಸಂಬಳದ ಮೊತ್ತಕ್ಕೆ ಹಾಕಿದ ಮಿತಿ), ಡ್ರಾಫ್ಟ್ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು, ಕೆಳಗಿನ ತಂಡಗಳಿಗೆ ಮೇಲಿನ ಸರದಿ), ಆಟಗಾರರ ವಿನಿಮಯ, ಎಲ್ಲವೂ ನಿಜವಾದ ಲೀಗಿನ ನಿಯಮದಂತೆಯೇ ನಡೆಯಬೇಕು. ಲೆಕ್ಕದ ಪುಸ್ತಕ ನನ್ನ ವಶದಲ್ಲಿದೆ. ಅದರ ಪುಟಗಳನ್ನು ತಿರುವಿದರೆ ಹೊಸಬರೆಲ್ಲ ಒಂದೇ ಕಲ್ಲಿಗೆ ಎಡವಿರುವುದು ಕಾಣುತ್ತದೆ. ಮೊದಲ ವಾರವೇ ಮನೆಯಲ್ಲಿರುವುದನ್ನೆಲ್ಲ ಕೊಟ್ಟು ಒಬ್ಬ ದೊಡ್ಡ ಹೆಸರಿನ ಆಟಗಾರನನ್ನು ತರುತ್ತಾರೆ. ಫೆಬ್ರವರಿ ಹೊತ್ತಿಗೆ ಅವನಿಗೆ ಚೆಂಡು ಕೊಡಲು ಒಬ್ಬ, ಅವನು ದಣಿದಾಗ ನಿಲ್ಲಲು ಇನ್ನೊಬ್ಬ ಇರುವುದಿಲ್ಲ. ಕೊಡಲು ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ತಪ್ಪು ಇರುವುದು ಆಟಗಾರನ ಆಯ್ಕೆಯಲ್ಲಲ್ಲ, ಕೆಲಸದ ಅನುಕ್ರಮದಲ್ಲಿ. ಲೆಕ್ಕ ಹಸನು ಮಾಡುವುದು, ಕೊಡುವ ಸರಕು ಕೂಡಿಸುವುದು, ಗುರಿ ಗೊತ್ತು ಮಾಡುವುದು, ಚೌಕಾಸಿ ಮಾಡುವುದು, ಕೊನೆಗೆ ತಾರೆಯನ್ನು ತರುವುದು. ಹೊಸಬರು ಈ ಸಾಲನ್ನು ಬುಡಮೇಲು ಮಾಡುತ್ತಾರೆ.

ಮೊದಲು ಬೇಕಾದ ಸಲಕರಣೆ

ಒಂದು ಸ್ಪ್ರೆಡ್‌ಶೀಟ್, ಇಲ್ಲವೇ ಉದ್ದನೆಯ ಲೆಡ್ಜರ್ ಪುಸ್ತಕ. ಎಡಗಡೆ ಆಟಗಾರರ ಹೆಸರು, ಬಲಕ್ಕೆ ಮುಂದಿನ ಐದು ವರ್ಷಗಳ ಕಾಲಮ್ಮು. ಪ್ರತಿ ಮನೆಯಲ್ಲೂ ಮೂರು ವಿಷಯ ಬರೆಯಿರಿ: ಸಂಬಳ, ಆ ವರ್ಷದ ವಯಸ್ಸು, ಮತ್ತು ಒಪ್ಪಂದದ ಸ್ವರೂಪ, ಅಂದರೆ ಮುಂದುವರಿಸುವ ಹಕ್ಕು ತಂಡದ್ದೋ ಆಟಗಾರನದ್ದೋ ಎಂಬುದು. ಮೂರನೆಯದನ್ನು ಬಿಟ್ಟವರೇ ಹೆಚ್ಚು. ಆಟಗಾರನ ಕೈಯಲ್ಲಿ ಹಕ್ಕಿದ್ದರೆ ಒಪ್ಪಂದ ಕಾಗದದ ಮೇಲೆ ಇರುವುದಕ್ಕಿಂತ ಒಂದು ವರ್ಷ ಚಿಕ್ಕದೆಂದೇ ತಿಳಿಯಬೇಕು. ಚೆನ್ನಾಗಿ ಆಡಿದವನು ಹೊರಟುಹೋಗುತ್ತಾನೆ, ಆಡದವನು ಉಳಿಯುತ್ತಾನೆ.

ಇನ್ನೊಂದು ಹಾಳೆ ಡ್ರಾಫ್ಟ್ ಪಿಕ್‌ಗಳಿಗೆ, ಅಂದರೆ ಡ್ರಾಫ್ಟಿನಲ್ಲಿ ಆರಿಸುವ ಸರದಿಗಳಿಗೆ. ಮುಂದಿನ ಏಳು ವರ್ಷಗಳಲ್ಲಿ ಯಾವ ಪಿಕ್ ನಿಮ್ಮದು, ಯಾವುದು ಬೇರೆಯವರ ಪಾಲಾಗಿದೆ, ಯಾವುದಕ್ಕೆ ಷರತ್ತು ಅಂಟಿದೆ ಎಂಬುದು ಅಲ್ಲಿರಬೇಕು. ಏಳಕ್ಕಿಂತ ಮುಂದಿನ ವರ್ಷದ ಪಿಕ್ ಮಾರುವಂತಿಲ್ಲ. ಮುಂಬರುವ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದ ಸ್ಥಿತಿಗೂ ಬರುವಂತಿಲ್ಲ. ಈ ಎರಡನೆಯ ನಿಯಮ ಮರೆತು ಮಾಡಿದ ವ್ಯವಹಾರಗಳನ್ನು ನಾನು ಪ್ರತಿ ವರ್ಷ ಹೊಡೆದುಹಾಕಬೇಕಾಗುತ್ತದೆ.

ಹಂತ 1: ನಿಮ್ಮ ತಂಡ ಎಲ್ಲಿ ನಿಂತಿದೆ ಎಂದು ಒಪ್ಪಿಕೊಳ್ಳಿ

ತಂಡಗಳು ಮೂರು ಬಗೆ. ಪ್ರಶಸ್ತಿಗೆ ಒಂದೇ ಕೈ ಕಡಿಮೆ ಇರುವವು; ಎಳೆಯರನ್ನು ಬೆಳೆಸುತ್ತಿರುವವು; ಎರಡೂ ಅಲ್ಲದೆ ನಡುವೆ ಸಿಕ್ಕಿಕೊಂಡವು. ಪ್ರತಿಯೊಬ್ಬ ಹೊಸ ಯಜಮಾನನೂ ತನ್ನದು ಮೊದಲನೆಯ ಬಗೆ ಎಂದೇ ಹೇಳುತ್ತಾನೆ. ಪರೀಕ್ಷೆ ಸುಲಭ. ತಂಡದ ಅತ್ಯುತ್ತಮ ಆಟಗಾರನ ಹೆಸರನ್ನು ಮುಚ್ಚಿ, ಉಳಿದವರಲ್ಲಿ ಯಾರು ಯಾರು ಬೇರೊಂದು ಪ್ಲೇಆಫ್ ತಂಡದಲ್ಲಿ ಮೊದಲ ಐವರಾಗಿ ಇಳಿಯಬಲ್ಲರು ಎಂದು ಎಣಿಸಿ. ಮೂವರಿಗಿಂತ ಕಡಿಮೆ ಬಂದರೆ ನೀವಿನ್ನೂ ಕೊಳ್ಳುವ ಹಂತಕ್ಕೆ ಬಂದಿಲ್ಲ.

ವಯಸ್ಸಿನ ಲೆಕ್ಕವೂ ಇಲ್ಲೇ ಮುಗಿಯಬೇಕು. ನಿಮ್ಮ ಒಳ್ಳೆಯ ಆಟಗಾರರು 22–23ರ ಹುಡುಗರಾಗಿದ್ದರೆ 34 ವರ್ಷದ ತಾರೆ ಅವರ ಜೊತೆ ಬೆಳೆಯಲಾರ. ಇವರಿಗೆ ಹಣ್ಣಾಗುವ ಕಾಲ ಬಂದಾಗ ಅವನು ನಿವೃತ್ತನಾಗಿರುತ್ತಾನೆ.

ಹಂತ 2: ವೇತನದ ಲೆಕ್ಕ ಹಸನು ಮಾಡಿ

ಇಲ್ಲಿ ಸ್ವಲ್ಪ ಗಣಿತ ಇದೆ, ಬಿಟ್ಟು ಮುಂದೆ ಹೋಗಬೇಡಿ. 2025–26ರ ಋತುವಿಗೆ ಎನ್‌ಬಿಎ ವೇತನ ಮಿತಿ ಸುಮಾರು 15.46 ಕೋಟಿ ಡಾಲರ್. ಇದು ಕಟ್ಟುನಿಟ್ಟಿನ ಗೋಡೆಯಲ್ಲ, ಕೆಲವು ವಿನಾಯಿತಿಗಳಲ್ಲಿ ದಾಟಬಹುದು. 18.79 ಕೋಟಿ ದಾಟಿದರೆ ಐಷಾರಾಮಿ ತೆರಿಗೆ ಬೀಳುತ್ತದೆ. 19.59 ಕೋಟಿಗೆ ಮೊದಲ ಏಪ್ರನ್, 20.78 ಕೋಟಿಗೆ ಎರಡನೆಯ ಏಪ್ರನ್. ಏಪ್ರನ್ ಎಂದರೆ ತೆರಿಗೆಯ ಗೆರೆಗಿಂತ ಮೇಲಿನ, ದಾಟಿದರೆ ವ್ಯವಹಾರಕ್ಕೆ ಕಡಿವಾಣ ಬೀಳುವ ಗೆರೆ. ಸಿರಿವಂತ ಮಾಲೀಕನಿಗೆ ತೆರಿಗೆ ಕಟ್ಟುವುದು ಕಷ್ಟವಲ್ಲ. 2023ರ ಒಪ್ಪಂದದಲ್ಲಿ ಬಂದ ಎರಡನೆಯ ಏಪ್ರನ್ನಿನ ಕಾಟ ಬೇರೆಯದೇ: ಅದು ಹಣ ಕೇಳುವುದಿಲ್ಲ, ಕೈ ಕಟ್ಟುತ್ತದೆ. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ, ವಿನಿಮಯದಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ ಮಾರುವಂತಿಲ್ಲ.

ಒಬ್ಬ ಆಟಗಾರನ ಗರಿಷ್ಠ ಸಂಬಳ ಮಿತಿಯ ಶೇಕಡಾವಾರು ಲೆಕ್ಕದಲ್ಲಿ ನಿಗದಿಯಾಗುತ್ತದೆ. ಆರು ವರ್ಷದವರೆಗಿನ ಅನುಭವಕ್ಕೆ ಸಾಮಾನ್ಯವಾಗಿ ಶೇ 25, ಏಳರಿಂದ ಒಂಬತ್ತು ವರ್ಷಕ್ಕೆ ಶೇ 30, ಹತ್ತು ದಾಟಿದವರಿಗೆ ಶೇ 35. ಅಂದರೆ ಹಳೆಯ ತಾರೆಯೊಬ್ಬನಿಗೆ 5.41 ಕೋಟಿ ಡಾಲರ್. ಅಂಥ ಮೂವರನ್ನು ಕೂಡಿಸಿದರೆ 16.23 ಕೋಟಿ. ಎರಡನೆಯ ಏಪ್ರನ್ನಿಗೆ ಉಳಿಯುವುದು ನಾಲ್ಕೂವರೆ ಕೋಟಿ. ಅದರಲ್ಲಿ ಇನ್ನೂ ಹನ್ನೊಂದು ಹನ್ನೆರಡು ಜನರನ್ನು ಸಾಕಬೇಕು. ಇದಕ್ಕೆ ಎದುರಾಗಿ 2025ರ ಡ್ರಾಫ್ಟಿನಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಕೂಪರ್ ಫ್ಲ್ಯಾಗ್ ಅವರ ಮೊದಲ ವರ್ಷದ ಸಂಬಳ ಸುಮಾರು 1.38 ಕೋಟಿ. ಎಳೆಯ ತಾರೆ ಯಾಕೆ ಚಿನ್ನ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಹಸನು ಮಾಡುವುದೆಂದರೆ ಎಲ್ಲರನ್ನೂ ಹೊರಹಾಕುವುದಲ್ಲ. ವಿನಿಮಯದಲ್ಲಿ ಕೊಡುವವರ ಮತ್ತು ಬರುವವರ ಸಂಬಳ ಹೆಚ್ಚು ಕಡಿಮೆ ಸರಿದೂಗಬೇಕಾಗುವುದರಿಂದ ಮಧ್ಯಮ ಗಾತ್ರದ, ಒಂದೆರಡು ವರ್ಷದಲ್ಲಿ ಮುಗಿಯುವ ಒಪ್ಪಂದಗಳು ಎರಡು ಮೂರು ನಿಮ್ಮ ಬಳಿ ಇರಲೇಬೇಕು. ಕಳೆದ ವರ್ಷ ನಮ್ಮಲ್ಲೊಬ್ಬರು ಅಂಥವರನ್ನೆಲ್ಲ ಬಿಟ್ಟುಕೊಟ್ಟು, ಪುಸ್ತಕ ತೊಳೆದಿಟ್ಟ ಹಾಗಿದೆ ಎಂದು ಬೀಗಿದರು. ಐದು ಕೋಟಿಯ ತಾರೆ ಮಾರಾಟಕ್ಕೆ ಬಂದಾಗ ಅವರ ಕೈಯಲ್ಲಿದ್ದದ್ದು ಬರೀ ಕನಿಷ್ಠ ಸಂಬಳದವರು. ಒಬ್ಬ ತಾರೆಗೆ ಹದಿನೈದು ಜನರನ್ನು ಕೊಡಲಾಗುತ್ತದೆಯೇ?

ಹಂತ 3: ಕೊಡುವ ಸರಕನ್ನು ಕೂಡಿಸಿ

ತಾರೆಯನ್ನು ಮಾರುವ ತಂಡ ಕೇಳುವುದು ಮೂರೇ: ಎಳೆಯ ಪ್ರತಿಭೆ, ಮೊದಲ ಸುತ್ತಿನ ಪಿಕ್‌ಗಳು, ಹೊಂದಾಣಿಕೆಗೆ ಬೇಕಾದ ಸಂಬಳ. ಇವನ್ನು ತಾರೆ ಸಿಗುವ ಮೊದಲು, ಎರಡು ಮೂರು ವರ್ಷ ಮುಂಚೆಯೇ ಕೂಡಿಸಬೇಕು.

ಒಕ್ಲಹೋಮ ಸಿಟಿ ಥಂಡರ್ ಮಾಡಿದ್ದನ್ನು ನಮ್ಮ ಗುಂಪಿನಲ್ಲಿ ಬಾಯಿಪಾಠ ಮಾಡಿಸುತ್ತೇವೆ. 2019ರ ಜುಲೈನಲ್ಲಿ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟು ಅವರು ಪಡೆದದ್ದು ಶೇ ಗಿಲ್ಜಸ್ ಅಲೆಕ್ಸಾಂಡರ್, ಡ್ಯಾನಿಲೊ ಗ್ಯಾಲಿನಾರಿ, ಐದು ಮೊದಲ ಸುತ್ತಿನ ಪಿಕ್‌ಗಳು ಮತ್ತು ಎರಡು ಪಿಕ್ ಅದಲುಬದಲಿನ ಹಕ್ಕುಗಳು (ಎದುರಿನವರ ಪಿಕ್ ಮೇಲಿದ್ದರೆ ತಮ್ಮದನ್ನು ಕೊಟ್ಟು ಅದನ್ನು ಪಡೆಯುವ ಹಕ್ಕು). ಗಿಲ್ಜಸ್ ಅಲೆಕ್ಸಾಂಡರ್ ಆಗ ಒಂದೇ ವರ್ಷ ಆಡಿದ್ದ ಹುಡುಗ. ಆ ಪಿಕ್‌ಗಳಲ್ಲಿ ಒಂದು 2022ರಲ್ಲಿ ಹನ್ನೆರಡನೆಯ ಸ್ಥಾನಕ್ಕೆ ಬಂದು ಜೇಲೆನ್ ವಿಲಿಯಮ್ಸ್ ಆಯಿತು. 2025ರಲ್ಲಿ ಗಿಲ್ಜಸ್ ಅಲೆಕ್ಸಾಂಡರ್ ವರ್ಷದ ಅತ್ಯಮೂಲ್ಯ ಆಟಗಾರ, ತಂಡ ಚಾಂಪಿಯನ್. ನಡುವೆ ಆರು ವರ್ಷ ಕಳೆದಿದ್ದವು ಎಂಬುದನ್ನು ಗಮನಿಸಿ. ನಮ್ಮ ಹೊಸಬರು ಆರು ವಾರ ಕಾಯುವುದಿಲ್ಲ.

ಇನ್ನೊಂದು ದಾರಿ ಬೇರೆಯವರ ಅವಸರದಿಂದ ಲಾಭ ಪಡೆಯುವುದು. 2013ರಲ್ಲಿ ಬಾಸ್ಟನ್ ತನ್ನ ವಯಸ್ಸಾದ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್ ಅವರನ್ನು ಬ್ರೂಕ್ಲಿನ್‌ಗೆ ಕೊಟ್ಟು ಮೂರು ಮೊದಲ ಸುತ್ತಿನ ಪಿಕ್ ಮತ್ತು ಒಂದು ಅದಲುಬದಲಿನ ಹಕ್ಕು ಪಡೆಯಿತು. ಬ್ರೂಕ್ಲಿನ್ ನೆಲ ಕಚ್ಚಿದಾಗ ಆ ಪಿಕ್‌ಗಳು ಮೇಲೇರಿದವು. ಅವುಗಳಿಂದಲೇ 2016ರಲ್ಲಿ ಜೇಲೆನ್ ಬ್ರೌನ್, 2017ರಲ್ಲಿ ಜೇಸನ್ ಟೇಟಮ್ ಬಂದರು. ಪಾಠ ಇದು: ಪಿಕ್ ತೆಗೆದುಕೊಳ್ಳುವಾಗ ಇಂದು ಗಟ್ಟಿಯಾಗಿದ್ದು ನಾಲ್ಕು ವರ್ಷದಲ್ಲಿ ಮುದಿಯಾಗುವ ತಂಡದ್ದನ್ನು, ದೂರದ ವರ್ಷದ್ದನ್ನು ಕೇಳಿ. ಹತ್ತಿರದ ವರ್ಷದ ಪಿಕ್ ಬರುವುದು 28ನೆಯ ಸ್ಥಾನಕ್ಕೆ.

ಪಿಕ್‌ಗಳಿಗೆ ಅಂಟಿದ ಷರತ್ತುಗಳನ್ನು ಬೆಂಗಳೂರಿನವರಿಗೆ ವಿವರಿಸುವುದು ಸುಲಭ: ಅವು ಬಿ ಖಾತಾ ನಿವೇಶನಗಳ ಹಾಗೆ. ನೋಡಲು ಅದೇ ಅಳತೆ, ಅದೇ ಬಡಾವಣೆ, ಬೆಲೆ ಕಡಿಮೆ ಯಾಕೆಂದು ಕಾಗದ ಓದಿದವನಿಗೆ ಮಾತ್ರ ಗೊತ್ತು. 'ಮೊದಲ ಐದರೊಳಗೆ ಬಂದರೆ ಕೊಡುವುದಿಲ್ಲ' ಎಂದು ಬರೆದಿದ್ದರೆ, ನಿಮಗೆ ನಿಜವಾಗಿ ಬೇಕಾದ ದಿನ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಮೂರು ಷರತ್ತಿನ ಪಿಕ್‌ಗಳಿಗಿಂತ ಒಂದು ಷರತ್ತಿಲ್ಲದ ಪಿಕ್ ಮೇಲು ಎಂದು ನಾನು ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಇದನ್ನು ಒಪ್ಪದವರೂ ಇದ್ದಾರೆ.

ಹಂತ 4: ಯಾವ ಬಾಗಿಲಿನಿಂದ ತರುವುದು

ತಾರೆ ಬರುವ ಬಾಗಿಲು ಮೂರು: ಡ್ರಾಫ್ಟ್, ಮುಕ್ತ ಮಾರುಕಟ್ಟೆ, ವಿನಿಮಯ.

ಡ್ರಾಫ್ಟಿನಲ್ಲಿ ಮೇಲಿನ ಪಿಕ್ ಸಿಗಲೆಂದು ಬೇಕಂತಲೇ ಸೋಲುವುದು ಹೊಸಬರ ಎರಡನೆಯ ಮೋಹ. 2019ರಲ್ಲಿ ಬಂದ ನಿಯಮದಂತೆ ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಸಾಧ್ಯತೆ ತಲಾ ಶೇ 14 ಮಾತ್ರ. ಲಾಟರಿ ಎತ್ತುವುದು ಮೊದಲ ನಾಲ್ಕು ಸ್ಥಾನಗಳಿಗೆ. ಎಲ್ಲರಿಗಿಂತ ಕೆಳಗಿರುವ ತಂಡ ಐದನೆಯ ಸ್ಥಾನಕ್ಕೂ ಜಾರಬಹುದು. ಡೆಟ್ರಾಯಿಟ್ 2023ರಲ್ಲಿ ಎಲ್ಲರಿಗಿಂತ ಕೆಳಗಿತ್ತು, ಐದನೆಯ ಪಿಕ್ ಸಿಕ್ಕಿತು. ಮರುವರ್ಷ ಸತತ 28 ಪಂದ್ಯ ಸೋತು, ಒಟ್ಟು 14 ಗೆದ್ದು 68 ಸೋತಿತು. ಮತ್ತೆ ಐದನೆಯ ಪಿಕ್. ಅತ್ತ ಡಲ್ಲಾಸ್ ಶೇ 1.8ರ ಸಾಧ್ಯತೆ ಇಟ್ಟುಕೊಂಡು 2025ರಲ್ಲಿ ಮೊದಲ ಪಿಕ್ ಹೊಡೆಯಿತು. ಹಣೆಬರಹವನ್ನು ಯೋಜನೆ ಎಂದು ಕರೆಯಬೇಡಿ.

ಸೋಲುವುದಕ್ಕಿಂತ ಹುಡುಕುವುದು ಅಗ್ಗ. ನಿಕೋಲಾ ಯೋಕಿಚ್ 41ನೆಯ ಪಿಕ್, ಯಾನಿಸ್ ಆಂಟೆಟೊಕುಂಪೊ 15, ಜಿಮ್ಮಿ ಬಟ್ಲರ್ 30, ಡೆವಿನ್ ಬುಕರ್ 13. ಪ್ರತಿ ಡ್ರಾಫ್ಟಿನಲ್ಲೂ ಇಂಥವನು ಇದ್ದೇ ಇರುತ್ತಾನೆ ಎಂದೇನಲ್ಲ. ಆದರೆ ಕೆಳಗಿನ ಪಿಕ್‌ಗಳನ್ನು ಚಿಲ್ಲರೆ ಕಾಸಿನಂತೆ ಎಸೆಯುವವನಿಗೆ ಅವನು ಎಂದೂ ಸಿಗುವುದಿಲ್ಲ.

ಮುಕ್ತ ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2010ರಲ್ಲಿ ಲೆಬ್ರಾನ್ ಜೇಮ್ಸ್ ಮಯಾಮಿಗೆ, 2016ರಲ್ಲಿ ಕೆವಿನ್ ಡ್ಯುರಾಂಟ್ ಗೋಲ್ಡನ್ ಸ್ಟೇಟ್‌ಗೆ ಹೋದ ಕಾಲ ಬೇರೆ. ಈಗ ದೊಡ್ಡ ಆಟಗಾರರು ಒಪ್ಪಂದ ಮುಗಿಯುವ ಮೊದಲೇ ಅದನ್ನು ವಿಸ್ತರಿಸಿಕೊಳ್ಳುತ್ತಾರೆ. ಮಾರುಕಟ್ಟೆಗೆ ಬರುವವರು ಎರಡನೆಯ ದರ್ಜೆಯವರು, ಆದರೆ ಅವರಲ್ಲೇ ಒಬ್ಬ ಮೊದಲ ದರ್ಜೆಗೆ ಏರುವುದುಂಟು. 2022ರಲ್ಲಿ ನ್ಯೂಯಾರ್ಕ್ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್ ಕೊಟ್ಟು ಜೇಲೆನ್ ಬ್ರನ್ಸನ್ ಅವರನ್ನು ತಂದಾಗ ದುಬಾರಿಯಾಯಿತು ಎಂದವರೇ ಹೆಚ್ಚು. ಹೆಚ್ಚು ಕಡಿಮೆ ಅರ್ಧ ಬೆಲೆಗೆ ಒಪ್ಪಂದ ವಿಸ್ತರಿಸುವ ಅವಕಾಶ ಡಲ್ಲಾಸ್‌ಗೆ ಮೊದಲೇ ಇತ್ತು.

ಉಳಿದದ್ದು ವಿನಿಮಯ. ಇದರಲ್ಲಿ ಒಂದು ಅನುಕೂಲವನ್ನು ಬಹಳ ಮಂದಿ ಮರೆಯುತ್ತಾರೆ. ಆಟಗಾರನ ಜೊತೆ ಅವನ 'ಬರ್ಡ್ ಹಕ್ಕು' ಕೂಡ ವರ್ಗವಾಗುತ್ತದೆ, ಅಂದರೆ ವೇತನ ಮಿತಿ ದಾಟಿಯೂ ಅವನ ಜೊತೆ ಮರು ಒಪ್ಪಂದ ಮಾಡಿಕೊಳ್ಳುವ ಹಕ್ಕು. ಜಾಗವೇ ಇಲ್ಲದ ತಂಡ ತಾರೆಯನ್ನು ಉಳಿಸಿಕೊಳ್ಳುವುದು ಈ ಹಕ್ಕಿನಿಂದ.

ಹಂತ 5: ಹೊಳೆಯುವ ಒಂದು ವರ್ಷ ಮುಂಚೆ ಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವ ಸಮಯ ಇದ್ದರೆ ಇದನ್ನು ಓದಿ. ತಾರೆ ಎಂದು ಊರಿಗೆಲ್ಲ ಗೊತ್ತಾದವನ ಬೆಲೆಯಲ್ಲಿ ಅವನ ಹೆಸರಿನ ಬೆಲೆಯೂ ಸೇರಿರುತ್ತದೆ. ಗೊತ್ತಾಗುವ ಮೊದಲು ಕೊಂಡವರೇ ಗೆದ್ದವರು.

2022ರ ಫೆಬ್ರವರಿಯಲ್ಲಿ ಇಂಡಿಯಾನಾ, ಆಗಲೇ ಆಲ್‌ಸ್ಟಾರ್ ಆಗಿದ್ದ ಡೊಮಾಂಟಸ್ ಸಬೋನಿಸ್ ಅವರನ್ನು ಕೊಟ್ಟು ಸ್ಯಾಕ್ರಮೆಂಟೊದಿಂದ ಎರಡನೆಯ ವರ್ಷದ ಹುಡುಗ ಟೈರೀಸ್ ಹ್ಯಾಲಿಬರ್ಟನ್ ಅವರನ್ನು ತಂದಿತು. ಮೂರು ವರ್ಷದ ಮೇಲೆ ಅದೇ ಹುಡುಗ ತಂಡವನ್ನು 2025ರ ಫೈನಲ್‌ಗೆ ಕೊಂಡೊಯ್ದ. ಜೇಮ್ಸ್ ಹಾರ್ಡನ್ 2012ರಲ್ಲಿ ಒಕ್ಲಹೋಮದಲ್ಲಿ ಬೆಂಚಿನಿಂದ ಇಳಿಯುತ್ತಿದ್ದ ಆಟಗಾರ. ಒಪ್ಪಂದದ ಮಾತು ಮುರಿದಾಗ ಹ್ಯೂಸ್ಟನ್ ಬಾಗಿಲಲ್ಲೇ ನಿಂತಿತ್ತು.

ಇಂಥವರನ್ನು ಗುರುತಿಸಲು ನಾನು ನೋಡುವ ಸೂಚನೆಗಳು ಇವು. ವಯಸ್ಸು 24ರೊಳಗೆ. ಮುಂದೆ ಅದೇ ಸ್ಥಾನದಲ್ಲಿ ದೊಡ್ಡ ಹೆಸರಿನವನೊಬ್ಬ ಅಡ್ಡ ನಿಂತಿರುವುದರಿಂದ ಚೆಂಡು ಕಡಿಮೆ ಸಿಗುತ್ತಿರಬೇಕು. ಫ್ರೀ ಥ್ರೋ ಶೇಕಡಾ 80ಕ್ಕಿಂತ ಮೇಲಿದ್ದರೆ, ಮೂರು ಅಂಕದ ಹೊಡೆತ ಇಂದು ಕೆಟ್ಟಿದ್ದರೂ ನಾಳೆ ಸುಧಾರಿಸುವ ಸಾಧ್ಯತೆ ಹೆಚ್ಚು. ಕೈಯ ಹದ ಸುಳ್ಳು ಹೇಳುವುದಿಲ್ಲ. ನಿಮಿಷ ಹೆಚ್ಚಾದ ರಾತ್ರಿಗಳಲ್ಲಿ ಆಟ ಕುಸಿಯುತ್ತದೆಯೋ ಏರುತ್ತದೆಯೋ ನೋಡಿ. ಕೊನೆಯದಾಗಿ, ಅವನ ಮೊದಲ ಒಪ್ಪಂದ ವಿಸ್ತರಿಸುವ ಗಡುವು ಅಕ್ಟೋಬರ್‌ನಲ್ಲಿ ಮಾತು ಮುಗಿಯದೆ ದಾಟಿಹೋಗಿದೆಯೇ? ಹಾಗಿದ್ದರೆ ಫೋನ್ ಮಾಡುವ ದಿನ ಇಂದೇ.

ನಮ್ಮಲ್ಲಿ ಹೆಚ್ಚಿನವರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮೆಟ್ರೊದಲ್ಲೋ ಕಚೇರಿಯ ಬಸ್ಸಿನಲ್ಲೋ ಮೊಬೈಲಿನಲ್ಲಿ ಪಂದ್ಯ ನೋಡುವವರು. ಅಂಕ ಹೊಡೆದವನನ್ನೇ ನೋಡುತ್ತೇವೆ. ವಾರಕ್ಕೆ ಒಂದು ಪಂದ್ಯವನ್ನಾದರೂ ಚೆಂಡಿಲ್ಲದ ಆಟಗಾರನ ಮೇಲೆ ಕಣ್ಣಿಟ್ಟು ನೋಡಿ.

ಹಂತ 6: ಚೌಕಾಸಿ

ಮೊದಲ ನಿಯಮ: ಒಬ್ಬನೇ ಗಿರಾಕಿಯ ಜೊತೆ ಮಾತಾಡುವ ಮಾರಾಟಗಾರನನ್ನು ಹುಡುಕಿ, ನೀವು ಮಾತ್ರ ಅಂಥ ಮಾರಾಟಗಾರನಾಗಬೇಡಿ. 2025ರ ಫೆಬ್ರವರಿಯಲ್ಲಿ ಡಲ್ಲಾಸ್, 25 ವರ್ಷದ ಲೂಕಾ ಡಾನ್ಚಿಚ್ ಅವರನ್ನು ಗುಟ್ಟಾಗಿ ಲೇಕರ್ಸ್‌ಗೆ ಕೊಟ್ಟು ಪಡೆದದ್ದು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಒಂದೇ ಒಂದು ಮೊದಲ ಸುತ್ತಿನ ಪಿಕ್. ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರುವವರೂ ನಾಲ್ಕು ಜನರಿಗೆ ಕೇಳಿಸುವಂತೆ ಬೆಲೆ ಕೂಗುತ್ತಾರೆ.

ಎರಡನೆಯದು, ಸಂಬಳದ ಹೊಂದಾಣಿಕೆ. ಏಪ್ರನ್ನಿನ ಕೆಳಗಿರುವ ತಂಡ ದೊಡ್ಡ ಸಂಬಳದ ವ್ಯವಹಾರದಲ್ಲಿ ಕೊಟ್ಟದ್ದರ ಶೇ 125 ಮತ್ತು ಅದರ ಮೇಲೆ ಎರಡೂವರೆ ಲಕ್ಷ ಡಾಲರ್‌ವರೆಗೆ ತರಬಹುದು. ಮೊದಲ ಏಪ್ರನ್ ದಾಟಿದವರು ಕೊಟ್ಟದ್ದಕ್ಕಿಂತ ಒಂದು ಡಾಲರ್ ಹೆಚ್ಚು ತರುವಂತಿಲ್ಲ. ಮಾತು ಕುದುರಿಸುವ ಮೊದಲು ಈ ಗಣಿತ ಮಾಡಿ. ಆಮೇಲೆ ಮಾಡಿದರೆ ಬರೀ ಮುಜುಗರ.

ಮೂರನೆಯದು, ಮೂರನೆಯ ತಂಡ. ನಿಮ್ಮಲ್ಲಿರುವುದು ಎದುರಿನವನಿಗೆ ಬೇಡ, ಅವನಿಗೆ ಬೇಕಾದದ್ದು ನಿಮ್ಮಲ್ಲಿಲ್ಲ ಎಂದಾದರೆ ನಡುವೆ ಇನ್ನೊಬ್ಬನನ್ನು ತನ್ನಿ. 2023ರ ಸೆಪ್ಟೆಂಬರ್‌ನಲ್ಲಿ ಡೇಮಿಯನ್ ಲಿಲ್ಲರ್ಡ್ ಮಿಲ್ವಾಕಿಗೆ ಹೋದದ್ದು ಹೀಗೆ. ಅದರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದ ಜ್ರೂ ಹಾಲಿಡೇ ಅವರನ್ನು ಕೆಲವೇ ದಿನಗಳಲ್ಲಿ ಬಾಸ್ಟನ್ ಕೊಂಡಿತು, ಮರುವರ್ಷ ಚಾಂಪಿಯನ್ ಆಯಿತು. ದೊಡ್ಡ ವ್ಯವಹಾರ ನಡೆದ ವಾರ ನಿದ್ದೆ ಮಾಡಬೇಡಿ. ಎಲ್ಲರೂ ತಾರೆಯನ್ನು ನೋಡುತ್ತಿರುವಾಗ ಪಕ್ಕದ ಬಾಗಿಲಿನಿಂದ ಒಬ್ಬ ಉತ್ತಮ ಆಟಗಾರ ಹೊರಗೆ ಬರುತ್ತಿರುತ್ತಾನೆ.

ಬೆಲೆಯ ಬಗ್ಗೆ ಒಂದು ಮಾತು. ಜಾಸ್ತಿ ಕೊಡುವುದು ಯಾವಾಗಲೂ ತಪ್ಪಲ್ಲ. 2022ರಲ್ಲಿ ಮಿನ್ನೆಸೋಟಾ ರೂಡಿ ಗೊಬೇರ್ ಅವರಿಗಾಗಿ ನಾಲ್ಕು ಮೊದಲ ಸುತ್ತಿನ ಪಿಕ್, ಒಂದು ಅದಲುಬದಲು ಮತ್ತು ಐವರು ಆಟಗಾರರನ್ನು ಕೊಟ್ಟಾಗ ನಾನೂ ನಕ್ಕವನೇ. 2024 ಮತ್ತು 2025, ಎರಡೂ ವರ್ಷ ಅವರು ಪಶ್ಚಿಮ ವಿಭಾಗದ ಫೈನಲ್ ಆಡಿದರು. ಅವರಿಗೆ ಆಂಥನಿ ಎಡ್ವರ್ಡ್ಸ್ ಎಂಬ ತಾರೆ ಮೊದಲೇ ಮನೆಯಲ್ಲಿದ್ದರು. ಕೊಂಡದ್ದು ಅವರಲ್ಲಿಲ್ಲದ ರಕ್ಷಣೆಯನ್ನು.

ಹಂತ 7: ಉಳಿದ ಜಾಗ ತುಂಬಿ

ತಾರೆ ಬಂದ ಮರುದಿನ ಮಾಡಬೇಕಾದ ಕೆಲಸ ಏಳನೆಯ, ಎಂಟನೆಯ, ಒಂಬತ್ತನೆಯ ಆಟಗಾರನನ್ನು ಹುಡುಕುವುದು. ಫೀನಿಕ್ಸ್ ತಂಡವನ್ನು ನೋಡಿ. 2023ರಲ್ಲಿ ಡ್ಯುರಾಂಟ್‌ಗಾಗಿ ಮಿಕಾಲ್ ಬ್ರಿಜಸ್, ಕ್ಯಾಮ್ ಜಾನ್ಸನ್ ಮತ್ತು ನಾಲ್ಕು ಮೊದಲ ಸುತ್ತಿನ ಪಿಕ್ ಕೊಟ್ಟರು, ನಾಲ್ಕು ತಿಂಗಳಲ್ಲಿ ಬ್ರ್ಯಾಡ್ಲಿ ಬೀಲ್ ಅವರನ್ನೂ ತಂದರು. ಬುಕರ್ ಸೇರಿ ಮೂವರೂ ಚೆಂಡು ಕೈಯಲ್ಲಿದ್ದಾಗ ಚೆನ್ನ. 2024ರಲ್ಲಿ ಮೊದಲ ಸುತ್ತಿನಲ್ಲೇ 4–0 ಸೋಲು. ಮರುವರ್ಷ 36 ಗೆಲುವು, 46 ಸೋಲು, ಪ್ಲೇಆಫ್ ಇಲ್ಲ. ಎರಡನೆಯ ಏಪ್ರನ್ನಿನ ಮೇಲಿದ್ದುದರಿಂದ ತಿದ್ದಿಕೊಳ್ಳಲೂ ಕೈ ಬಿಡುವಿರಲಿಲ್ಲ.

ನಾನು ಕೇಳುವ ಪ್ರಶ್ನೆ ಒಂದೇ: ಈ ತಾರೆಗೆ ಚೆಂಡು ಸಿಕ್ಕಿ ಇಬ್ಬರು ಅವನ ಮೇಲೆ ಬಿದ್ದಾಗ, ಖಾಲಿ ಬಿಟ್ಟವನು ಹೊಡೆಯಬಲ್ಲನೇ?

ಕೈ ಹಿಂದೆ ಎಳೆದುಕೊಳ್ಳಬೇಕಾದ ಸೂಚನೆಗಳು

ಒಪ್ಪಂದದಲ್ಲಿ 'ನನ್ನ ಒಪ್ಪಿಗೆ ಇಲ್ಲದೆ ವರ್ಗ ಮಾಡಬಾರದು' ಎಂಬ ಷರತ್ತು ಇದ್ದರೆ ಮುಟ್ಟಬೇಡಿ. ಬೀಲ್ ಅವರಿಗೆ ಅದಿತ್ತು. ಕೊನೆಗೆ ಫೀನಿಕ್ಸ್ 2025ರಲ್ಲಿ ಹಣ ತೆತ್ತು ಬಿಡುಗಡೆ ಮಾಡಿ, ಆ ಬಾಕಿಯನ್ನು ಐದು ವರ್ಷಕ್ಕೆ ಹಂಚಬೇಕಾಯಿತು. ಅದೇ ವರ್ಷ ಮಿಲ್ವಾಕಿಯೂ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ ಲಿಲ್ಲರ್ಡ್ ಅವರನ್ನು ಹಾಗೆಯೇ ಬಿಟ್ಟಿತು. ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್, ಐದು ವರ್ಷ, ಆಡದ ಆಟಗಾರನಿಗೆ. ಮಾರಿದ ಫ್ಲ್ಯಾಟಿನ ಇಎಂಐ ಕಟ್ಟಿದಂತೆ.

ಒಪ್ಪಂದದ ಕೊನೆಯ ವರ್ಷದಲ್ಲಿರುವ ತಾರೆಯನ್ನು ಒಂದು ಋತುವಿಗೆ ತರುವುದು ತಪ್ಪೆಂದು ಹೇಳಲಾರೆ. 2018ರಲ್ಲಿ ಟೊರಾಂಟೊ ಕವಾಯಿ ಲೆನರ್ಡ್ ಅವರನ್ನು ಹಾಗೆ ತಂದಿತು, 2019ರಲ್ಲಿ ಪ್ರಶಸ್ತಿ ಗೆದ್ದಿತು, ಅದೇ ಬೇಸಿಗೆಯಲ್ಲಿ ಅವರು ಹೊರಟುಹೋದರು. ನಿಮ್ಮದು ಹಂತ 1ರ ಮೊದಲ ಬಗೆಯ ತಂಡವಾದರೆ ಮಾತ್ರ ಈ ಜೂಜು.

ನಮ್ಮ ಅಂಗಳದ ಕ್ಲಬ್ ತಂಡಕ್ಕೆ

ಇದನ್ನೆಲ್ಲ ಓದಿ, ನಮ್ಮ ಬಡಾವಣೆಯ ಕ್ಲಬ್ಬಿಗೆ ಒಬ್ಬ ರಾಜ್ಯಮಟ್ಟದ ಆಟಗಾರನನ್ನು ತರುವುದು ಹೇಗೆ ಎಂದು ಕೇಳುವವರೂ ಇದ್ದಾರೆ. ಇಲ್ಲಿ ವೇತನ ಮಿತಿ ಇಲ್ಲ, ಡ್ರಾಫ್ಟ್ ಇಲ್ಲ, ಹನ್ನೆರಡು ಜನರ ತಂಡ. ಆದರೆ ಅನುಕ್ರಮ ಅದೇ.

ನಮ್ಮ ದೇಶದ ಒಳ್ಳೆಯ ಆಟಗಾರರಲ್ಲಿ ಬಹಳಷ್ಟು ಮಂದಿ ರೈಲ್ವೆ, ಸೇನೆ, ಬ್ಯಾಂಕ್, ತೆರಿಗೆ ಇಲಾಖೆಗಳ ನೌಕರರು. ಕ್ರೀಡಾ ಕೋಟಾದಲ್ಲಿ ಸಿಕ್ಕ ಕೆಲಸವೇ ಅವರ ನಿಜವಾದ ಒಪ್ಪಂದ. ಅದನ್ನು ಬಿಡಿಸಲು ನಿಮ್ಮಿಂದಾಗದು, ಪ್ರಯತ್ನವೂ ಬೇಡ. ಟೂರ್ನಿಯ ನಿಯಮ ಬಿಡುತ್ತದೆಯೇ, ಇಲಾಖೆ ಅನುಮತಿ ಕೊಡುತ್ತದೆಯೇ ಎಂಬ ಎರಡು ಕಾಗದ ಕೈಗೆ ಬಂದ ಮೇಲೆ ಉಳಿದ ಮಾತು. ನಾನು ಸೇರಿದ್ದ ಕ್ಲಬ್ಬೊಂದು ಜರ್ಸಿ ಮುದ್ರಿಸಿದ ಮೇಲೆ ಅನುಮತಿ ಕೇಳಲು ಹೋಯಿತು. ಆ ಜರ್ಸಿ ಇನ್ನೂ ನಮ್ಮ ಮನೆಯ ಅಟ್ಟದ ಮೇಲಿದೆ.

ನಿಮ್ಮ ಕೈಯಲ್ಲಿರುವ ಸರಕು ಹಣಕ್ಕಿಂತ ಬೇರೆಯದು: ಮಳೆಗಾಲದಲ್ಲೂ ಆಡಬಹುದಾದ ಅಂಗಳ, ದೀಪ, ಫಿಸಿಯೊ, ಓದುತ್ತಿರುವ ಹುಡುಗನಿಗೆ ಕಾಲೇಜು ಹತ್ತಿರದ ವಸತಿ. ಹೊಳೆಯುವ ಒಂದು ವರ್ಷ ಮುಂಚೆ ಕೊಳ್ಳುವ ಮಾತು ಇಲ್ಲಿ ಇನ್ನೂ ನಿಜ. 17ರ ಹುಡುಗ ಹುಡುಗಿಯರನ್ನು ಅಂತರಕಾಲೇಜು ಪಂದ್ಯಗಳಲ್ಲಿ, ಸರ್ಕಾರಿ ಕ್ರೀಡಾ ಹಾಸ್ಟೆಲ್‌ಗಳ ತಂಡಗಳಲ್ಲಿ ನೋಡಿ. ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ: ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವವನು ಸಂಜೆ ಆರೂವರೆಗೆ ಮಲ್ಲೇಶ್ವರದ ಅಭ್ಯಾಸಕ್ಕೆ ಬರುತ್ತೇನೆ ಎಂದರೆ ಅವನು ಒಳ್ಳೆಯವನು, ಆದರೆ ಬರುವುದಿಲ್ಲ.

ಗಡುವಿನ ರಾತ್ರಿ

ವಿನಿಮಯದ ಗಡುವು ಫೆಬ್ರವರಿಯಲ್ಲಿ, ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ ಮೂರಕ್ಕೆ. ಬೆಂಗಳೂರಿನಲ್ಲಿ ಆಗ ರಾತ್ರಿ ಒಂದೂವರೆ. ಹತ್ತು ಗಂಟೆಗೆ ಮೂರು ಹೆಸರಿನ ಪಟ್ಟಿ ಬರೆದು, ಪ್ರತಿ ಹೆಸರಿನ ಮುಂದೆ ನೀವು ಕೊಡುವ ಗರಿಷ್ಠ ಬೆಲೆ ಹಾಕಿ, ಕಾಗದ ಮಡಚಿ ಬೇರೆಯವರ ಕೈಗೆ ಕೊಡಿ. ಹನ್ನೆರಡೂವರೆಯ ನಿಮ್ಮ ಬುದ್ಧಿ ಹತ್ತು ಗಂಟೆಯ ಬುದ್ಧಿಯಲ್ಲ. ನಮ್ಮ ಪುಸ್ತಕದ ಅತಿ ಕೆಟ್ಟ ಐದು ವ್ಯವಹಾರಗಳಲ್ಲಿ ನಾಲ್ಕು, ಒಂದು ಗಂಟೆಯಿಂದ ಒಂದೂವರೆಯ ನಡುವೆ ಆದವು. ಅವುಗಳಲ್ಲೊಂದು ನನ್ನದೇ.

ಗಡುವು ದಾಟಿತೆಂದು ಹದಿನೈದನೆಯ ಆಟಗಾರನನ್ನು ಆಗಲೇ ಮನೆಗೆ ಕಳುಹಿಸಬೇಡಿ. ವೈದ್ಯಕೀಯ ಪರೀಕ್ಷೆ ಮುಗಿಯುವವರೆಗೆ ವ್ಯವಹಾರ ಮುಗಿದಿಲ್ಲ. 2025ರ ಫೆಬ್ರವರಿಯಲ್ಲಿ ಲೇಕರ್ಸ್ ಶಾರ್ಲಟ್‌ನಿಂದ ಮಾರ್ಕ್ ವಿಲಿಯಮ್ಸ್ ಅವರನ್ನು ತಂದು, ಪರೀಕ್ಷೆಯಲ್ಲಿ ಸಂದೇಹ ಬಂದು ವ್ಯವಹಾರ ರದ್ದು ಮಾಡಿತು. ಕೊಟ್ಟಿದ್ದ ಡಾಲ್ಟನ್ ಕ್ನೆಕ್ಟ್ ಅದೇ ಕೋಣೆಗೆ ಮರಳಿ ಬರಬೇಕಾಯಿತು. ನಮ್ಮ ಗುಂಪಿನಲ್ಲಿ ವೈದ್ಯರಿಲ್ಲ. ಮರುದಿನ ದರ್ಶಿನಿಯ ಮೇಜಿನ ಮೇಲೆ ನಾಲ್ಕು ಕವಡೆ ಹಾಕುತ್ತೇವೆ. ನಾಲ್ಕೂ ಬೋರಲಾಗಿ ಬಿದ್ದರೆ ತಾರೆ ವಾಪಸ್.